ಋಣ ತೀರಿಸುವುದಕ್ಕೂ ಸುಂಕವೇ?

ಸಾಲ ಕಟ್ಟದವನಿಗೆ ದಂಡ ಬೀಳುತ್ತದೆ ಎನ್ನುವುದು ಊರಿಗೆಲ್ಲ ಗೊತ್ತು. ಗಡುವಿಗೆ ಮೊದಲೇ ಪೂರ್ತಿ ಕಟ್ಟಲು ಬಂದವನಿಗೂ ದಂಡ ಬೀಳುತ್ತದೆ ಎನ್ನುವುದನ್ನು ಮಾತ್ರ ಸಾಲ ಕೊಡುವ ದಿನ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೊಟ್ಟೆ ಬಾಯಿ ಕಟ್ಟಿ, ಓಟಿ ಮಾಡಿ, ಚೀಟಿ ಎತ್ತಿ ಕೂಡಿಸಿದ ದುಡ್ಡನ್ನು ಕೌಂಟರಿನ ಮೇಲಿಟ್ಟು 'ಲೆಕ್ಕ ಚುಕ್ತಾ ಮಾಡಿ' ಎಂದವನಿಗೆ ಈ ನಾಡಿನ ಸಾಲದಂಗಡಿಗಳು ಕೊಡುವ ಉತ್ತರ ಒಂದೇ: ಫೋರ್‌ಕ್ಲೋಸರ್ ಚಾರ್ಜು ಕಟ್ಟು, ಅದರ ಮೇಲೆ ಜಿಎಸ್‌ಟಿ ಕಟ್ಟು, ಆಮೇಲೆ ಹೋಗು. ಪ್ರಾಮಾಣಿಕತೆಗೆ ದಂಡ ವಿಧಿಸುವ ಈ ಪದ್ಧತಿಯನ್ನು ನಾನು ಲೇವಾದೇವಿ ಎನ್ನಲಾರೆ. ಇದು ಸುಲಿಗೆ.

ಕಡಿಮೆ ಬಡ್ಡಿಯ ಸಾಲ ಎಲ್ಲಿ ಸಿಗುತ್ತದೆ, ಮುಂಚೆ ತೀರಿಸಿದರೆ ದಂಡವಿಲ್ಲದ ಸಾಲ ಯಾವುದು ಎಂದು ಬೆಂಗಳೂರಿಗೆ ಅಂಟಿದ ನಮ್ಮ ಜಿಲ್ಲೆಯ ಹುಡುಗರು ಕೇಳುತ್ತಾರೆ. ದಾಬಸ್‌ಪೇಟೆಯ ಕಾರ್ಖಾನೆ ಗೇಟಿನಲ್ಲಿ, ಹೊಸಕೋಟೆಯ ಗೋದಾಮುಗಳ ಮುಂದಿನ ಟೀ ಅಂಗಡಿಯಲ್ಲಿ, ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ, ದೇವನಹಳ್ಳಿಯ ಕ್ಯಾಬ್ ಸ್ಟ್ಯಾಂಡಿನಲ್ಲಿ ಈ ಪ್ರಶ್ನೆ ಇದ್ದೇ ಇದೆ. ಉತ್ತರ ಹುಡುಕುತ್ತ ಹೋದರೆ ಬಡ್ಡಿ ದರದ ಪಟ್ಟಿ ಸಿಗುವುದಿಲ್ಲ, ಒಂದು ಜಾತಿ ಪದ್ಧತಿ ಸಿಗುತ್ತದೆ. ಪಹಣಿ ಇದ್ದವನಿಗೆ ಒಂದು ಬಡ್ಡಿ, ಸರ್ಕಾರಿ ನೌಕರಿ ಇದ್ದವನಿಗೆ ಇನ್ನೊಂದು, ಕಂಪನಿಯ ಸ್ಯಾಲರಿ ಸ್ಲಿಪ್ ಇದ್ದವನಿಗೆ ಮತ್ತೊಂದು. ಏನೂ ಇಲ್ಲದೆ ಬರೀ ರಟ್ಟೆ ಇದ್ದವನಿಗೆ ಎಲ್ಲಕ್ಕಿಂತ ದುಬಾರಿ ಬಡ್ಡಿ. ದುಡಿಮೆಯೊಂದನ್ನೇ ಅಡವಿಡಬಲ್ಲವನು ಈ ಏಣಿಯ ಕೆಳಮೆಟ್ಟಿಲಿನಲ್ಲಿ ನಿಂತಿದ್ದಾನೆ.

ಪಹಣಿಯಿಂದಲೇ ಶುರು ಮಾಡೋಣ. ಜಮೀನಿರುವ ರೈತನಿಗೆ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದವರೆಗಿನ ಬೆಳೆಸಾಲ ಶೇ 7ಕ್ಕೆ ಸಿಗುತ್ತದೆ. ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 3 ರಿಯಾಯಿತಿ, ಕೊನೆಗೆ ಬೀಳುವುದು ಶೇ 4. ಊರಿನ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ, ಅಂದರೆ ನಾವು ಸೊಸೈಟಿ ಎನ್ನುವಲ್ಲಿ, ಅಲ್ಪಾವಧಿ ಸಾಲಕ್ಕೆ ಬಡ್ಡಿಯೇ ಇಲ್ಲ. ಆ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಗಮನಿಸಿ: ಅಲ್ಲಿ ಸರಿಯಾಗಿ ಕಟ್ಟುವವನಿಗೆ ಬಹುಮಾನ ಇದೆ. ಸಾಲ ತೀರಿಸುವುದು ಒಳ್ಳೆಯ ನಡತೆ, ಅದಕ್ಕೆ ಬೆನ್ನು ತಟ್ಟಬೇಕು ಎಂಬ ಸಾಮಾನ್ಯ ಜ್ಞಾನ ಆ ಯೋಜನೆಯೊಳಗಿದೆ. ಈ ದೇಶಕ್ಕೆ ಹಾಗೆ ಯೋಚಿಸಲು ಬರುವುದಿಲ್ಲ ಎಂದೇನಿಲ್ಲ. ಕೆಲವರ ವಿಷಯದಲ್ಲಿ ಮಾತ್ರ ಹಾಗೆ ಯೋಚಿಸುತ್ತದೆ.

ಈಗ ಆ ಪಹಣಿ ಏನಾಯಿತು ನೋಡಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಮಣ್ಣಿನಿಂದ ವಿಮಾನ ಹಾರಿತು. ವಿಮಾನ ನಿಲ್ದಾಣಕ್ಕಾಗಿ ಹೋದ ನೆಲ ಸುಮಾರು 4,000 ಎಕರೆ. ಅದರ ಸುತ್ತ ಕೈಗಾರಿಕಾ ಪ್ರದೇಶ ಎದ್ದಿತು, ಲೇಔಟ್ ಎದ್ದಿತು, ನೆಲಮಂಗಲದ ಹೆದ್ದಾರಿ ಬದಿಯಲ್ಲಿ, ಹೊಸಕೋಟೆಯ ರಸ್ತೆಯಲ್ಲಿ ಗೋದಾಮಿನ ಮೇಲೆ ಗೋದಾಮು ಎದ್ದಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನೂ ಸರ್ಕಾರ ನುಂಗಲು ಹೊರಟಾಗ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ವರ್ಷ ದಾಟಿದರೂ ಏಳಲಿಲ್ಲ. ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟೆವು ಎಂದು ಘೋಷಿಸಬೇಕಾಯಿತು. ಆ ಹೋರಾಟವನ್ನು ಬರೀ ರಾಗಿ, ದ್ರಾಕ್ಷಿ, ಹಿಪ್ಪುನೇರಳೆಯ ಹೋರಾಟ ಎಂದುಕೊಂಡವರು ಅದರ ಒಂದು ಮುಖ ನೋಡಲಿಲ್ಲ. ಜಮೀನಿನ ಜೊತೆ ಶೇ 4ರ ಸಾಲವೂ ಹೋಗುತ್ತದೆ. ಸೊಸೈಟಿಯ ಬಾಗಿಲು ಮುಚ್ಚುತ್ತದೆ. ಪರಿಹಾರದ ದುಡ್ಡು ಮನೆಗೆ, ಮದುವೆಗೆ, ಆಸ್ಪತ್ರೆಗೆ ಹೋಗಿ ಮುಗಿದ ಮೇಲೆ ಅದೇ ರೈತನ ಮಗ ಅದೇ ನೆಲದ ಮೇಲೆ ಎದ್ದ ಗೋದಾಮಿನಲ್ಲಿ ಗುತ್ತಿಗೆ ಕೂಲಿಯಾಗಿ ನಿಂತಿರುತ್ತಾನೆ. ಅವನಿಗೆ ಸಾಲ ಬೇಕಾದರೆ ಯಾರು ಕೊಡುತ್ತಾರೆ? ಮೊಬೈಲಿಗೆ 'ಪ್ರೀ ಅಪ್ರೂವ್ಡ್' ಎಂದು ಮೆಸೇಜು ಕಳಿಸುವವರು ಕೊಡುತ್ತಾರೆ. ಬಡ್ಡಿ ಶೇ 24, ಕೆಲವೊಮ್ಮೆ ಅದಕ್ಕೂ ಮೇಲೆ. ಅಪ್ಪ ಶೇ 4ರ ಸಾಲಗಾರ, ಮಗ ಶೇ 24ರ ಸಾಲಗಾರ. ನಮ್ಮ ಜಿಲ್ಲೆಯ ಅಭಿವೃದ್ಧಿಯ ಕಥೆಯನ್ನು ಇಷ್ಟೇ ಸಾಲಿನಲ್ಲಿ ಬರೆದು ಮುಗಿಸಬಹುದು.

ಬ್ಯಾಂಕಿನ ಶಾಖೆ ಒಳಗೆ ಹೋದರೂ ಅವನಿಗೆ ಕುರ್ಚಿ ಸಿಗುವುದಿಲ್ಲ. ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕೊಡಿ ಎನ್ನುತ್ತಾರೆ. ಗುತ್ತಿಗೆದಾರ ಸಂಬಳ ಕೊಡುತ್ತಾನೆ, ಸ್ಲಿಪ್ ಕೊಡುವುದಿಲ್ಲ. ಸಿಬಿಲ್ ಸ್ಕೋರ್ ಕೇಳುತ್ತಾರೆ. ಯಾವತ್ತೂ ಬ್ಯಾಂಕ್ ಸಾಲ ಸಿಗದವನಿಗೆ ಸ್ಕೋರ್ ಎಲ್ಲಿಂದ ಬರಬೇಕು? ಹೆಚ್ಚು ಸಂಬಳ, ಹೆಚ್ಚು ಆಸ್ತಿ, ಹೆಚ್ಚು ಸ್ಕೋರ್ ಇದ್ದವನಿಗೆ ಶೇ 10, 11ಕ್ಕೆ ಮನೆ ಬಾಗಿಲಿಗೆ ಸಾಲ ಬರುತ್ತದೆ. ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವವನು ಎಲ್ಲಕ್ಕಿಂತ ಹೆಚ್ಚು ತೆರಬೇಕು. ಇದನ್ನು ಅವರು 'ರಿಸ್ಕ್' ಎನ್ನುತ್ತಾರೆ. ತಿಂಗಳು ತಿಂಗಳೂ ತಪ್ಪದೆ ಕಟ್ಟಿ, ಮುಂಚೆಯೇ ಮುಗಿಸಲು ದುಡ್ಡು ತಂದು ನಿಂತವನಲ್ಲಿ ಯಾವ ರಿಸ್ಕ್ ಉಳಿಯಿತು ಎಂದು ಕೇಳಿದರೆ ಮಾತ್ರ ಉತ್ತರ ಇಲ್ಲ.

ಲೆಕ್ಕವನ್ನೇ ಮುಂದಿಡುತ್ತೇನೆ, ಏಕೆಂದರೆ ಈ ಸುಲಿಗೆ ಬದುಕಿರುವುದೇ ನಮಗೆ ಲೆಕ್ಕ ಬರುವುದಿಲ್ಲ ಎಂಬ ಅವರ ನಂಬಿಕೆಯ ಮೇಲೆ. 2 ಲಕ್ಷ ರೂಪಾಯಿ, 36 ತಿಂಗಳು, ಶೇ 24 ಬಡ್ಡಿ. ಕಂತು 7,847 ರೂಪಾಯಿ. ಸಾಲ ಮಂಜೂರಾದದ್ದು 2 ಲಕ್ಷ. ಪ್ರೊಸೆಸಿಂಗ್ ಫೀ ಶೇ 3 ಎಂದರೆ 6,000, ಅದಕ್ಕೆ ಜಿಎಸ್‌ಟಿ 1,080, ಕೇಳದೆ ಅಂಟಿಸಿದ ಇನ್ಶೂರೆನ್ಸ್ ಒಂದು 5,000 ಎಂದು ಇಟ್ಟುಕೊಳ್ಳಿ, ಕೈಗೆ ಬಂದದ್ದು 1,87,920. ಬಡ್ಡಿ ಮಾತ್ರ ಪೂರ್ತಿ 2 ಲಕ್ಷಕ್ಕೆ. ಮೊದಲ ತಿಂಗಳ ಕಂತಿನಲ್ಲಿ 4,000 ಬಡ್ಡಿಗೇ ಹೋಯಿತು. ಒಂದು ವರ್ಷ ತಪ್ಪದೆ ಕಟ್ಟಿದರೆ ಕೈಬಿಟ್ಟದ್ದು 94,000ಕ್ಕೂ ಹೆಚ್ಚು. ಅಸಲು ಇಳಿದದ್ದು? ಸುಮಾರು 51,600. ಇನ್ನೂ 1,48,400 ಬಾಕಿ ನಿಂತಿದೆ.

ಆಗ ಹೇಗೋ ದುಡ್ಡು ಬಂತು ಎನ್ನಿ. ತಂಗಿಯ ಚೀಟಿ ಎತ್ತಿದರು, ಊರಿನ ಸೈಟು ಮಾರಿದರು, ಇಲ್ಲವೇ ಬೇರೆ ಬ್ಯಾಂಕು ಶೇ 11ಕ್ಕೆ ಕೊಡಲು ಒಪ್ಪಿತು. ಸಾಲ ಮುಗಿಸಲು ಹೋದರೆ ಬಾಕಿಯ ಮೇಲೆ ಶೇ 5 ಎಂದರೆ 7,420, ಜಿಎಸ್‌ಟಿ ಸೇರಿ 8,756 ರೂಪಾಯಿ ದಂಡ. ಒಂದು ತಿಂಗಳ ಕಂತಿಗಿಂತ ಹೆಚ್ಚು. ಗೋದಾಮಿನ ಕೂಲಿ ಎಷ್ಟು ದಿನ ಮೂಟೆ ಹೊತ್ತರೆ ಈ ದುಡ್ಡು ಹುಟ್ಟುತ್ತದೆ? ಕೆಲವು ಕಡೆ ಇನ್ನೂ ಒಂದು ಬೇಲಿ ಇದೆ. ಮೊದಲ ಆರು ತಿಂಗಳು ಅಥವಾ ಒಂದು ವರ್ಷ ಸಾಲ ತೀರಿಸಲು ಬಿಡುವುದೇ ಇಲ್ಲ, ಅದಕ್ಕೆ ಲಾಕ್‌ಇನ್ ಎಂದು ಹೆಸರು. ಕಂತಿನಲ್ಲಿ ಬಡ್ಡಿಯ ಪಾಲು ಅತಿ ಹೆಚ್ಚಿರುವುದೇ ಆ ತಿಂಗಳುಗಳಲ್ಲಿ, ಬೇಲಿ ಹಾಕಿರುವುದೂ ಅಲ್ಲಿಗೇ.

ಇದೇ 2 ಲಕ್ಷ, ಇದೇ 36 ತಿಂಗಳಿಗೆ, ಶೇ 11ರ ಬಡ್ಡಿಯಲ್ಲಿ ಕಂತು 6,548. ಮೂರು ವರ್ಷದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ 46,700 ರೂಪಾಯಿಗೂ ಮೇಲೆ. ಬಡವನಾಗಿ ಹುಟ್ಟಿದ್ದಕ್ಕೆ ಕಟ್ಟುವ ಕಂದಾಯ ಅದು.

'ಫ್ಲ್ಯಾಟ್ ಬಡ್ಡಿ' ಎಂಬ ಇನ್ನೊಂದು ಮೋಸವಿದೆ. 50,000ಕ್ಕೆ ವರ್ಷಕ್ಕೆ ಶೇ 12 ಮಾತ್ರ ಅಣ್ಣಾ ಎನ್ನುತ್ತಾನೆ ಏಜೆಂಟ್. ಎರಡು ವರ್ಷಕ್ಕೆ 12,000 ಬಡ್ಡಿ ಸೇರಿಸಿ 24 ಕಂತಾಗಿ ಒಡೆಯುತ್ತಾನೆ. ಪ್ರತಿ ತಿಂಗಳೂ ಅಸಲು ಕರಗುತ್ತಿದ್ದರೂ ಬಡ್ಡಿ ಕೊನೆಯ ದಿನದವರೆಗೆ ಪೂರ್ತಿ 50,000ಕ್ಕೇ. ಕರಗುವ ಅಸಲಿನ ಲೆಕ್ಕ ಹಾಕಿದರೆ ಅದು ಶೇ 12 ಅಲ್ಲ, ಶೇ 21.6. ಪೇಟೆ ಬೀದಿಯಲ್ಲಿ ಬೆಳಿಗ್ಗೆ 9,000 ಎಣಿಸಿಕೊಟ್ಟು, ದಿನಕ್ಕೆ 100ರಂತೆ ನೂರು ದಿನ 10,000 ವಸೂಲು ಮಾಡುವ ಡೈಲಿ ಕಲೆಕ್ಷನ್‌ನವನ ಬಡ್ಡಿ ಹೀಗೇ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 77ಕ್ಕೂ ಮೇಲೆ. ತರಕಾರಿ ಗಾಡಿಯವಳು 'ನೂರಕ್ಕೆ ಹತ್ತು ತಾನೇ' ಎಂದುಕೊಂಡಿರುತ್ತಾಳೆ. ಅವಳಿಗೆ ಹಾಗೆ ನಂಬಿಸಲಾಗಿದೆ.

ಈಗ ಕಾನೂನಿನ ಕಡೆ ಬನ್ನಿ. ಸಿಟ್ಟು ನೆತ್ತಿಗೇರುವುದು ಅಲ್ಲೇ.

ಗೃಹಸಾಲ ಕೊಡುವ ಕಂಪನಿಗಳು, ಸಾಲಗಾರ ಸ್ವಂತ ದುಡ್ಡಿನಿಂದ ಮುಂಚೆ ತೀರಿಸಿದರೆ ಸ್ಥಿರ ಬಡ್ಡಿಯ ಸಾಲಕ್ಕೂ ದಂಡ ಹಾಕಬಾರದು ಎಂದು ರಾಷ್ಟ್ರೀಯ ಹೌಸಿಂಗ್ ಬ್ಯಾಂಕ್ 2011ರ ಅಕ್ಟೋಬರ್‌ನಲ್ಲೇ ಹೇಳಿತು. ಬ್ಯಾಂಕುಗಳ ಫ್ಲೋಟಿಂಗ್, ಅಂದರೆ ಏರಿಳಿಯುವ ಬಡ್ಡಿಯ ಗೃಹಸಾಲಕ್ಕೆ ಈ ದಂಡವನ್ನು ರಿಸರ್ವ್ ಬ್ಯಾಂಕ್ 2012ರ ಜೂನ್‌ನಲ್ಲಿ ರದ್ದು ಮಾಡಿತು. 2014ರ ಮೇ ತಿಂಗಳಲ್ಲಿ ವ್ಯಕ್ತಿಗಳಿಗೆ ಕೊಟ್ಟ ಎಲ್ಲ ಫ್ಲೋಟಿಂಗ್ ಅವಧಿಸಾಲಕ್ಕೂ ಆ ನಿಯಮ ಬಂತು. 2025ರ ಜುಲೈ 2ರಂದು ಹೊಸ ನಿರ್ದೇಶನ ಹೊರಬಿತ್ತು: 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣವಾಗುವ, ವ್ಯಕ್ತಿಗಳು ವ್ಯಾಪಾರಕ್ಕಲ್ಲದೆ ಪಡೆಯುವ ಫ್ಲೋಟಿಂಗ್ ಸಾಲಕ್ಕೆ ಬ್ಯಾಂಕಾಗಲಿ, ಎನ್‌ಬಿಎಫ್‌ಸಿ ಎಂಬ ಬ್ಯಾಂಕೇತರ ಹಣಕಾಸು ಕಂಪನಿಯಾಗಲಿ ಅವಧಿಪೂರ್ವ ಮರುಪಾವತಿಯ ಶುಲ್ಕ ಹಾಕುವಂತಿಲ್ಲ. ದುಡ್ಡು ಎಲ್ಲಿಂದ ತಂದೆ ಎಂದು ಕೇಳುವಂತಿಲ್ಲ. ಲಾಕ್‌ಇನ್ ಇಡುವಂತಿಲ್ಲ. ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಬರೆದವು: ಸಾಲಗಾರರಿಗೆ ಸಿಹಿ ಸುದ್ದಿ.

ಯಾವ ಸಾಲಗಾರರಿಗೆ? ಆ ಆದೇಶದ ಉಸಿರೆಲ್ಲ ಫ್ಲೋಟಿಂಗ್ ಎಂಬ ಒಂದು ಷರತ್ತಿನಲ್ಲಿದೆ. ಗೃಹಸಾಲ ಬಹುಪಾಲು ಫ್ಲೋಟಿಂಗ್. ಕೂಲಿಕಾರ, ಗಾರ್ಮೆಂಟ್ಸ್ ಹೆಣ್ಣುಮಗಳು, ಕ್ಯಾಬ್ ಡ್ರೈವರ್ ಪಡೆಯುವ ಪರ್ಸನಲ್ ಲೋನ್ ಬಹುಪಾಲು ಫಿಕ್ಸೆಡ್, ಅಂದರೆ ಸ್ಥಿರ ಬಡ್ಡಿಯದು. ಫಿಕ್ಸೆಡ್ ಸಾಲಕ್ಕೆ ಎಷ್ಟು ದಂಡ ಹಾಕಬೇಕೆಂಬುದನ್ನು ಸಾಲ ಕೊಟ್ಟವರ ಆಡಳಿತ ಮಂಡಳಿಯೇ ತೀರ್ಮಾನಿಸಬಹುದು, ಮುಂಚೆ ತಿಳಿಸಿದ್ದರೆ ಸಾಕು. ಕೋಟಿ ಬೆಲೆಯ ಅಪಾರ್ಟ್‌ಮೆಂಟ್ ಕೊಂಡವನಿಗೆ 2012ರಲ್ಲೇ ಸಿಕ್ಕ ಬಿಡುಗಡೆ, 60,000 ರೂಪಾಯಿ ಪರ್ಸನಲ್ ಲೋನ್ ಮಾಡಿ ಮಗುವಿನ ಆಪರೇಷನ್ ಮಾಡಿಸಿದವಳಿಗೆ ಇಂದಿಗೂ ಸಿಕ್ಕಿಲ್ಲ. ಇದು ಮರೆವಿನಿಂದ ಆದ ತಪ್ಪಲ್ಲ. ಯಾರ ದನಿ ಕೇಳಿಸುತ್ತದೋ ಅವರಿಗಾಗಿ ನಿಯಮ ಬರುತ್ತದೆ.

ಫಿಕ್ಸೆಡ್ ಸಾಲಗಾರನಿಗೆ ಇನ್ನೊಂದು ಏಟು. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 6.50ರಿಂದ 5.25ಕ್ಕೆ ಇಳಿಸಿತು. ರೆಪೊಗೆ ಜೋಡಿಸಿದ ಸಾಲದವರಿಗೆ ಕಂತಿನ ಭಾರ ಕಡಿಮೆಯಾಯಿತು. ನಮ್ಮವನ ಶೇ 24 ಹಾಗೇ ಕೂತಿತು. ಹೊರಗೆ ಬಡ್ಡಿ ಇಳಿದಿದೆ, ಹೋಗಿ ಅಗ್ಗದ ಸಾಲ ತಂದು ಇದನ್ನು ಮುಗಿಸುತ್ತೇನೆ ಎಂದರೆ ಬಾಗಿಲಿನಲ್ಲೇ ದಂಡದ ರಸೀದಿ. ಇಳಿಕೆಯ ಲಾಭವೂ ಇಲ್ಲ, ಹೊರಗೆ ಹೋಗುವ ಹಕ್ಕೂ ಇಲ್ಲ.

ಸಾಲ ಕೊಡುವವರ ವಾದ ನನಗೆ ಗೊತ್ತು. ನಾವೂ ನಿಗದಿತ ಬಡ್ಡಿಗೆ ದುಡ್ಡು ತಂದಿರುತ್ತೇವೆ, ಮೂರು ವರ್ಷದ ಬಡ್ಡಿ ನಂಬಿ ಕೂತಿರುತ್ತೇವೆ, ನೀವು ನಡುವೆ ಬಿಟ್ಟು ಹೋದರೆ ನಮಗೆ ನಷ್ಟ ಎನ್ನುತ್ತಾರೆ. ಗೃಹಸಾಲದ ದಂಡ ರದ್ದಾದಾಗಲೂ ಇದೇ ಹಾಡು ಹಾಡಿದ್ದರು. ಹದಿಮೂರು ವರ್ಷಕ್ಕೂ ಹೆಚ್ಚು ಕಳೆಯಿತು, ಗೃಹಸಾಲ ಕೊಡುವುದನ್ನು ಯಾವ ಬ್ಯಾಂಕೂ ನಿಲ್ಲಿಸಿಲ್ಲ. ಇಪ್ಪತ್ತು ವರ್ಷದ, ಐವತ್ತು ಲಕ್ಷದ ಸಾಲ ನಡುವೆ ತೀರಿದರೆ ತಾಳಿಕೊಳ್ಳುವ ಬ್ಯಾಂಕಿಗೆ ಮೂರು ವರ್ಷದ ಎರಡು ಲಕ್ಷದ ಸಾಲ ತೀರಿದರೆ ಪ್ರಾಣ ಹೋಗುತ್ತದೆಯೇ? ಕೈಗೆ ಬಂದ ದುಡ್ಡನ್ನು ಮರುದಿನವೇ ಇನ್ನೊಬ್ಬನಿಗೆ ಅದೇ ಬಡ್ಡಿಗೆ ಕೊಡುವವರು ನಷ್ಟದ ಮಾತಾಡಬಾರದು.

ಅದೇ ರಿಸರ್ವ್ ಬ್ಯಾಂಕ್ 2023ರ ಜೂನ್ 8ರಂದು ಇನ್ನೊಂದು ಸುತ್ತೋಲೆ ಹೊರಡಿಸಿದೆ. ಕಟ್ಟುವ ಶಕ್ತಿ ಇದ್ದೂ ಬೇಕೆಂದೇ ಬಾಕಿ ಉಳಿಸಿಕೊಂಡವರ ಜೊತೆಗೂ, ವಂಚನೆಯ ಖಾತೆಗಳವರ ಜೊತೆಗೂ, ಕ್ರಿಮಿನಲ್ ಕೇಸಿಗೆ ಅಡ್ಡಿಯಾಗದಂತೆ, ಬ್ಯಾಂಕುಗಳು ರಾಜಿ ಮಾಡಿಕೊಳ್ಳಬಹುದು ಎನ್ನುತ್ತದೆ ಅದು. ರಾಜಿ ಎಂದರೆ ಬಾಕಿಯಲ್ಲಿ ಒಂದು ಪಾಲು ಬಿಟ್ಟುಕೊಟ್ಟು ಉಳಿದದ್ದನ್ನು ಪಡೆಯುವುದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೇಕೆಂದೇ ಕಟ್ಟದವನಿಗೆ ಮೇಜಿನ ಆಚೆ ಕುರ್ಚಿ, ರಾಜಿ, ರಿಯಾಯಿತಿ. ಮುಂಚೆಯೇ ಕಟ್ಟಲು ಬಂದವನಿಗೆ ಶೇ 5 ದಂಡ. ಈ ದೇಶದ ಹಣಕಾಸು ವ್ಯವಸ್ಥೆ ಯಾರಿಗೆ ಹೆದರುತ್ತದೆ, ಯಾರನ್ನು ಹೆದರಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹೆಣ್ಣುಮಕ್ಕಳ ಸಂಘದ ಸಾಲದ ಮಾತಿಗೆ ಬರುತ್ತೇನೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಹೋದರೆ ಮನೆಯ ಅರ್ಧ ಜಾಗವನ್ನು ಮಗ್ಗವೇ ಹಿಡಿದಿರುತ್ತದೆ. ಅದರ ಸದ್ದಿನಲ್ಲಿ ಮಾತಾಡಬೇಕಾದರೆ ಕೂಗಬೇಕು. ಗೋಡೆಯ ಮೊಳೆಯಲ್ಲಿ ಕ್ಯಾಲೆಂಡರಿನ ಕೆಳಗೆ ಕಂತಿನ ಕಾರ್ಡುಗಳು ಸಿಕ್ಕಿಸಿರುತ್ತವೆ, ಒಂದು ವಾರದ್ದು, ಒಂದು ಹದಿನೈದು ದಿನದ್ದು, ಒಂದು ತಿಂಗಳದ್ದು. ಸೀರೆಗೆ ಬೇಡಿಕೆ ಬಿದ್ದು ಮಗ್ಗ ನಿಂತರೂ ಕಂತು ನಿಲ್ಲುವುದಿಲ್ಲ. ಅಂಥ ಒಂದು ಮನೆಯಂಗಳದ ಸೆಂಟರ್ ಮೀಟಿಂಗಿನಲ್ಲಿ, ಅಂದರೆ ಕಂತು ಕಟ್ಟಲು ಎಲ್ಲರೂ ಕೂಡುವ ಸಭೆಯಲ್ಲಿ, ನಾನು ಕಂಡದ್ದು ಇದು. ನೇಯ್ಗೆಯ ಹೆಣ್ಣುಮಗಳೊಬ್ಬಳು ಸೆರಗಿನ ಗಂಟಿನಿಂದ ನೋಟಿನ ಕಟ್ಟು ತೆಗೆದು ಹೇಳಿದಳು: 'ಸರ್, ಉಳಿದದ್ದೆಲ್ಲ ಇವತ್ತೇ ಕಟ್ಬಿಡ್ತೀನಿ, ಲೆಕ್ಕ ಮುಗಿಸಿ.' ಮೈಕ್ರೊಫೈನಾನ್ಸ್ ಕಂಪನಿಯ ಹುಡುಗ ಟ್ಯಾಬಿನಿಂದ ತಲೆ ಎತ್ತಲಿಲ್ಲ. 'ಈಗ ಕಟ್ಟಿದ್ರೂ ಪೂರ್ತಿ ಬಡ್ಡಿ ಕಟ್ಬೇಕು ಅಕ್ಕ. ಸಿಸ್ಟಮ್ ತಗೊಳಲ್ಲ. ವಾರ ವಾರ ಕಟ್ಕೊಂಡು ಹೋಗಿ, ಮುಂದೆ ದೊಡ್ಡ ಲೋನ್ ಕೊಡ್ತೀವಿ.' ಅವಳು ದುಡ್ಡನ್ನು ಮತ್ತೆ ಗಂಟು ಕಟ್ಟಿಕೊಂಡಳು. ಸುತ್ತ ಕೂತ ಯಾರೂ ಏನೂ ಅನ್ನಲಿಲ್ಲ, ಏಕೆಂದರೆ ಅವರಲ್ಲಿ ಯಾರಿಗೂ ಕಾನೂನು ಹೇಳಿರಲಿಲ್ಲ.

ಕಾನೂನು ಸ್ಪಷ್ಟವಾಗಿದೆ. ರಿಸರ್ವ್ ಬ್ಯಾಂಕಿನ 2022ರ ಮಾರ್ಚ್ 14ರ ನಿರ್ದೇಶನ ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂತು. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಟ್ಟ ಸಾಲ ಮೈಕ್ರೊಫೈನಾನ್ಸ್ ಸಾಲ. ಅದನ್ನು ಮುಂಚೆ ತೀರಿಸಿದರೆ ಒಂದು ರೂಪಾಯಿ ದಂಡವನ್ನೂ ಹಾಕುವಂತಿಲ್ಲ. ಕುಟುಂಬದ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ. ತಡವಾದರೆ ದಂಡ ತಡವಾದ ಕಂತಿನ ಮೇಲೆ ಮಾತ್ರ, ಇಡೀ ಸಾಲದ ಮೇಲಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಆದರೆ ಅದೇ ನಿರ್ದೇಶನ ಬಡ್ಡಿಗೆ ಇದ್ದ ಮಿತಿಯನ್ನು ಕಿತ್ತುಹಾಕಿತು. 'ಅತಿಯಾಗಬಾರದು' ಎಂದಷ್ಟೇ ಹೇಳಿ ಕೈತೊಳೆದುಕೊಂಡಿತು. ಅತಿ ಎಂದರೆ ಎಷ್ಟು? 2024ರ ಅಕ್ಟೋಬರ್‌ನಲ್ಲಿ ನಾಲ್ಕು ಕಂಪನಿಗಳಿಗೆ ಹೊಸ ಸಾಲ ಕೊಡಬೇಡಿ ಎಂದು ರಿಸರ್ವ್ ಬ್ಯಾಂಕೇ ತಡೆ ಹಾಕಬೇಕಾದಷ್ಟು.

2025ರ ಜನವರಿ, ಫೆಬ್ರುವರಿ ನೆನಪಿರಲಿ. ಚಾಮರಾಜನಗರ, ಮೈಸೂರು, ರಾಮನಗರ, ಹಾವೇರಿಯ ಕಡೆ ವಸೂಲಿಗಾರರ ಕಾಟ ತಾಳದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಕೆಲವರು ಪ್ರಾಣ ಬಿಟ್ಟರು. ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ತಾಳಿಯನ್ನೇ ಅಂಚೆಯಲ್ಲಿ ಕಳಿಸಿದರು. ಫೆಬ್ರುವರಿ 12ರಂದು ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿ, ಪರವಾನಗಿ ಇಲ್ಲದವರು ದುರ್ಬಲ ವರ್ಗಕ್ಕೆ ಕೊಟ್ಟ ಸಾಲ ಬಡ್ಡಿ ಸಮೇತ ರದ್ದು. ಒಳ್ಳೆಯದೇ. ಆದರೆ ಹೆಣ ಬಿದ್ದ ಮೇಲೆ ಬರುವ ಕಾನೂನಿಗೆ ನಾನು ಚಪ್ಪಾಳೆ ತಟ್ಟಲಾರೆ. ನಮ್ಮ ಹೊಸಕೋಟೆಯ ಗಡಿಗೆ ಅಂಟಿದ ಕೋಲಾರದಲ್ಲಿ 2009ರಲ್ಲೇ ಹೆಣ್ಣುಮಕ್ಕಳು ಮೈಕ್ರೊಫೈನಾನ್ಸ್ ಕಂತು ಕಟ್ಟುವುದನ್ನು ಒಟ್ಟಾಗಿ ನಿಲ್ಲಿಸಿದ್ದರು. ಎಚ್ಚರಿಕೆ ಆಗಲೇ ಬಂದಿತ್ತು. ಹದಿನಾರು ವರ್ಷ ಯಾರೂ ಕಿವಿಗೊಡಲಿಲ್ಲ.

ಇದನ್ನೆಲ್ಲ ಬ್ಯಾಂಕಿನವರು ನೋಡಿಕೊಳ್ಳಲಿ, ಸಾಹಿತಿಯಾದ ನಿಮಗೆ ಇದರಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. ಅವರಿಗೆ ಜೀತವನ್ನು ನೆನಪಿಸುತ್ತೇನೆ. ಜೀತ ಎಂದರೆ ಬರೀ ಹೊಡೆತ, ಬಡಿತ, ಕೊಟ್ಟಿಗೆಯ ಮೂಲೆ ಅಲ್ಲ. ಸಾಲ ಯಾವತ್ತು ತೀರುತ್ತದೆ ಎಂಬುದನ್ನು ಒಡೆಯ ನಿರ್ಧರಿಸುತ್ತಿದ್ದ, ಸಾಲ ಮಾಡಿದವನಲ್ಲ. ಜೀತದ ಬೇರು ಅಲ್ಲಿತ್ತು. ಅಪ್ಪ ಪಡೆದ ಐವತ್ತು ರೂಪಾಯಿಗೆ ಮಗ ದುಡಿದರೂ ಲೆಕ್ಕ ಮುಗಿಯುತ್ತಿರಲಿಲ್ಲ, ಏಕೆಂದರೆ ಲೆಕ್ಕದ ಪುಸ್ತಕ ಒಡೆಯನ ಮನೆಯಲ್ಲಿತ್ತು. 1976ರಲ್ಲಿ ಜೀತ ನಿಷೇಧದ ಕಾಯ್ದೆ ಬಂತು. ಅದೇ ವರ್ಷ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದು ಬಡವರನ್ನು ಲೇವಾದೇವಿಗಾರರ ಪ್ರೋನೋಟಿನಿಂದ ಬಿಡಿಸಿತು. ಅರ್ಧ ಶತಮಾನದ ಮೇಲೆ ಲೆಕ್ಕದ ಪುಸ್ತಕ ಸರ್ವರಿನಲ್ಲಿ ಕೂತಿದೆ. 'ಸಿಸ್ಟಮ್ ತಗೊಳಲ್ಲ' ಎಂಬ ಮಾತಿನಲ್ಲಿ ನನಗೆ ಕೇಳಿಸುವುದು ಆ ಹಳೆಯ ಒಡೆಯನ ಗಂಟಲು.

1979ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅದರ ಮುಂಚೂಣಿಯ ಚಿಂತಕ ಡಿ.ಆರ್. ನಾಗರಾಜ್ ಇದೇ ದೊಡ್ಡಬಳ್ಳಾಪುರದ ನೇಕಾರ ಮನೆತನದಲ್ಲಿ ಹುಟ್ಟಿದವರು. ಅಂದಿನ ಬರಹ ಗೌಡನ ಬಾರುಕೋಲನ್ನು, ಗುಡಿಯ ಮುಚ್ಚಿದ ಬಾಗಿಲನ್ನು ಕಂಡಿತು, ಹೆಸರು ಹಿಡಿದು ಕರೆಯಿತು. ಇಂದಿನ ಬರಹಗಾರ ಸಾಲದ ಕರಾರಿನ ಹದಿನೇಳನೆಯ ಷರತ್ತನ್ನು ಓದಬೇಕು. ಶೋಷಣೆ ಈಗ ಅಲ್ಲಿ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಅಡಗಿದೆ. ಅದನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯುವುದು ಇವತ್ತಿನ ಬಂಡಾಯ.

ಬ್ಯಾಂಕು, ಸಹಕಾರ ಇವೆಲ್ಲ ನಮಗೆ ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಸಾಹುಕಾರನ ಬಡ್ಡಿಯಿಂದ ಊರನ್ನು ಬಿಡಿಸಲು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಕರಾವಳಿಯಲ್ಲಿ ಹುಟ್ಟಿದವು. ಸಿಂಡಿಕೇಟ್ 1928ರಲ್ಲೇ ಪಿಗ್ಮಿ ಯೋಜನೆ ತಂದು ಮನೆ ಬಾಗಿಲಿಗೆ ಬಂದು ಪುಡಿಗಾಸು ಸಂಗ್ರಹಿಸಿತು. 2017ರಿಂದ 2020ರೊಳಗೆ ಮೈಸೂರು ಬ್ಯಾಂಕ್, ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಎಲ್ಲ ವಿಲೀನವಾಗಿ ಹೆಸರಿಲ್ಲದಂತಾದವು. ಜನರ ಪುಡಿಗಾಸಿನಿಂದ ಬೆಳೆದ ಬ್ಯಾಂಕುಗಳು ಮಾಯವಾದವು, ಮೊಬೈಲಿನಲ್ಲಿ ಸಾಲ ಮಾರುವವರು ಬಂದರು. ಈ ಜಿಲ್ಲೆಯ ಗುತ್ತಿಗೆ ಕಾರ್ಮಿಕರು, ಕೂಲಿ ನೇಕಾರರು, ಡ್ರೈವರುಗಳು ಪಹಣಿ ಕೇಳದ ತಮ್ಮದೇ ಪತ್ತಿನ ಸಂಘ ಏಕೆ ಕಟ್ಟಬಾರದು? ಅದಕ್ಕೆ ರಾಜ್ಯ ಸರ್ಕಾರ ರೈತನಿಗೆ ಕೊಡುವಂತೆ ಬಡ್ಡಿ ಸಹಾಯಧನ ಏಕೆ ಕೊಡಬಾರದು? ನೆಲ ಕಿತ್ತುಕೊಂಡ ಸರ್ಕಾರ ಆ ನೆಲದ ಜೊತೆ ಹೋದ ಅಗ್ಗದ ಸಾಲವನ್ನು ಹಿಂತಿರುಗಿಸಲೇಬೇಕು. ಅದು ಬಾಕಿ. ಸರ್ಕಾರ ನಮಗೆ ಉಳಿಸಿಕೊಂಡಿರುವ ಬಾಕಿ.

ಅಲ್ಲಿಯವರೆಗೆ ಕಾಯುತ್ತ ಕೂರುವುದೂ ಬೇಡ. ಇರುವ ಕಾನೂನನ್ನು ಕೈಯಲ್ಲಿ ಹಿಡಿಯಿರಿ. 2024ರ ಅಕ್ಟೋಬರ್ 1ರಿಂದ ಪ್ರತಿ ಹೊಸ ಚಿಲ್ಲರೆ ಅವಧಿಸಾಲಕ್ಕೂ ಮುಖ್ಯಾಂಶಗಳ ಪತ್ರ ಕೊಡಬೇಕು, ಬ್ಯಾಂಕಿನವರು ಅದನ್ನು ಕೆಎಫ್‌ಎಸ್ ಎನ್ನುತ್ತಾರೆ. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಕನ್ನಡದಲ್ಲೇ ಕೇಳಿ. ಏಳು ದಿನ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಸಾಲವಾದರೆ ಓದಿ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. 'ಇವತ್ತೇ ಸೈನ್ ಮಾಡಿ, ನಾಳೆ ಆಫರ್ ಇರಲ್ಲ' ಎಂದವನನ್ನು ಅಲ್ಲೇ ನಿಲ್ಲಿಸಿ. ಅದರಲ್ಲಿ ಎಪಿಆರ್ ಎಂಬ ಸಾಲು ನೋಡಿ, ಫೀಸು, ಇನ್ಶೂರೆನ್ಸ್ ಎಲ್ಲ ಸೇರಿದ ನಿಜವಾದ ಬಡ್ಡಿ ಅದು. ಬಾಯಲ್ಲಿ ಹೇಳಿದ ಶೇಕಡವನ್ನು ನಂಬಬೇಡಿ. ಮುಂಚೆ ತೀರಿಸಿದರೆ ಶುಲ್ಕ ಎಷ್ಟು ಎಂಬ ಸಾಲು ನೋಡಿ. ಆ ಪತ್ರದಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಫಿಕ್ಸೆಡ್ ಬೇಡ, ರೆಪೊಗೆ ಜೋಡಿಸಿದ ಫ್ಲೋಟಿಂಗ್ ಸಾಲ ಇದೆಯೇ ಎಂದು ಮೊದಲು ಸರ್ಕಾರಿ ಬ್ಯಾಂಕಿನಲ್ಲಿ ಕೇಳಿ. ಪಹಣಿ ಇದ್ದರೆ ಸೊಸೈಟಿಗೆ ಹೋಗಿ. ಕಾರ್ಖಾನೆಯಲ್ಲಿ ನೌಕರರ ಪತ್ತಿನ ಸಂಘವಿದ್ದರೆ ಅಲ್ಲಿ ಕೇಳಿ.

ಸಾಲ ಮುಗಿಸಿದ ದಿನ ಬೇಬಾಕಿ ಪತ್ರ ಪಡೆಯದೆ ಎದ್ದು ಬರಬೇಡಿ. ಸಿಬಿಲ್‌ನಲ್ಲಿ ಸಾಲ ಇನ್ನೂ ಬಾಕಿ ಎಂದೇ ತೋರಿಸುತ್ತಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು. ಅನ್ಯಾಯದ ದಂಡ ಹಾಕಿದರೆ ಮೊದಲು ಆ ಸಂಸ್ಥೆಗೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಖರ್ಚಿಲ್ಲ, ವಕೀಲ ಬೇಕಿಲ್ಲ. ಫೋನ್ 14448. ಈ ಸಂಖ್ಯೆಯನ್ನು ಪ್ರತಿ ಮಗ್ಗದ ಮನೆಯ ಗೋಡೆಯ ಮೇಲೆ, ಪ್ರತಿ ಗಾರ್ಮೆಂಟ್ಸ್ ಬಸ್ಸಿನೊಳಗೆ ಬರೆಯಿರಿ.

ನಮ್ಮ ಬೇಡಿಕೆ ಚಿಕ್ಕದು. ಫಿಕ್ಸೆಡ್ ಇರಲಿ, ಫ್ಲೋಟಿಂಗ್ ಇರಲಿ, ವ್ಯಕ್ತಿಗೆ ಕೊಟ್ಟ ಯಾವ ಸಾಲಕ್ಕೂ ಅವಧಿಪೂರ್ವ ಮರುಪಾವತಿಯ ದಂಡ ಇರಕೂಡದು. ಬಡವರ ಸಾಲಕ್ಕೆ ಬಡ್ಡಿಯ ಮಿತಿ ಮತ್ತೆ ಬರಬೇಕು. ಜಮೀನು ಕಳೆದುಕೊಂಡ ಕುಟುಂಬಕ್ಕೆ, ಪಹಣಿಯಿಲ್ಲದ ದುಡಿಯುವವನಿಗೆ ಸಹಕಾರಿ ಸಾಲದ ಬಾಗಿಲು ತೆರೆಯಬೇಕು. ವೋಟು ಕೇಳಲು ಬರುವ ಪ್ರತಿಯೊಬ್ಬನಿಗೂ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಬೀದಿಗಳಲ್ಲಿ ಈ ಮೂರನ್ನು ಕೇಳಿ, ಉತ್ತರ ಸಿಗುವವರೆಗೆ ದಾರಿ ಬಿಡಬೇಡಿ. ಸಾಲ ಕೊಟ್ಟವನಿಗೆ ಅಸಲು ಕೊಡೋಣ, ಅಂದಿನವರೆಗಿನ ನ್ಯಾಯದ ಬಡ್ಡಿ ಕೊಡೋಣ. ಬಿಡುಗಡೆಗೆ ಮಾತ್ರ ಒಂದು ಪೈಸೆ ಸುಂಕವನ್ನೂ ಕೊಡಕೂಡದು.